ನಿಲ್ಲದೇ ಹೋದ ಸ್ವರ

"ಗುರುಗಳೇ, ಎರಡು ಗಿಟಾರು ನೋಡಿದೀನಿ. ಒಂದರ ನಾದ ಚೆನ್ನಾಗಿದೆ, ಇನ್ನೊಂದರ ಪೆಡಲು ಚೆನ್ನಾಗಿದೆ. ಆದ್ರೆ ಎರಡರಲ್ಲೂ ಏರಿಸಿದ ಸ್ವರ ನಿಲ್ಲಲ್ಲ, ಜಾರಿಬಿಡುತ್ತೆ. ಯಾವುದು ತಗೊಳ್ಳಲಿ?"

ಕೇಳಿದವನು ಶೇಷಾದ್ರಿ, ಗುರುಗಳ ಹತ್ತಿರ ಪೆಡಲ್ ಸ್ಟೀಲ್ ಗಿಟಾರು ಕಲೀತಿದ್ದ ಶಿಷ್ಯ. ಹೋದ ವಾರವೂ ಇದೇ ಪ್ರಶ್ನೆ ಕೇಳಿದ್ದ. ಅದರ ಹಿಂದಿನ ವಾರವೂ ಕೇಳಿದ್ದ. ಬರೋ ಭಾನುವಾರ ಅವನು ಒಬ್ಬ ಗಾಯಕಿಯ ಪಕ್ಕ ಕೂತು ನುಡಿಸಬೇಕು. ಸ್ವಂತ ಗಿಟಾರು ತರದೆ ಹೋದ್ರೆ ಆ ಜಾಗ ಬೇರೆಯವರಿಗೆ ಅಂತ ಆಕೆ ಹೇಳಿಕಳಿಸಿದ್ರು.

ಗುರುಗಳು ಹಣೆ ಹಣೆ ಚಚ್ಚಿಕೊಂಡ್ರು.

"ನಿನ್ನ ಪ್ರಶ್ನೆ ಕೇಳಿ ಕೇಳಿ ನನ್ನ ಕಿವಿಯೊಳಗಿನ ಕೂದಲೂ ಉದುರಿಹೋಯ್ತು ಕಣೋ. ಬಾ, ನನ್ನ ಗಿಟಾರಿನ ಮುಂದೆ ಕೂತ್ಕೋ."

ಶೇಷಾದ್ರಿ ಗುರುಗಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತ.

"ಪೆಡಲು ಒತ್ತು. ತಂತಿ ಮೀಟು. ಸ್ವರ ಏರ್ತಾ? ಕಾಲು ಹಾಗೇ ಇರಲಿ. ಮೀಟ್ತಾ ಇರು. ನಾನು ಸಾಕು ಅನ್ನೋವರೆಗೂ ಸ್ವರ ಇಳೀಬಾರದು. ಈಗ ಕೇಳು."

ಗುರುಗಳು ಕತೆ ಶುರು ಮಾಡಿದ್ರು.

ಒಬ್ಬ ವೈಣಿಕ ಇದ್ದ. ಮುತ್ತಾತನ ಕಾಲದಿಂದ ಅವರ ಮನೇಲಿ ವೀಣೆ. ಆ ಮನೆ ಇಲಿಗಳೂ ಶ್ರುತಿ ಸೇರಿಸಿಕೊಂಡೇ ಕಿಚಗುಟ್ಟುತ್ತಿದ್ವು. ಅಂಥವನಿಗೆ ಒಂದಿನ ಪೆಡಲ್ ಸ್ಟೀಲ್ ಗಿಟಾರಿನ ಹುಚ್ಚು ಹಿಡೀತು. ಮೇಜಿನ ಥರ ಮಲಗಿಸಿದ ಗಿಟಾರು ಅದು. ತಂತಿ ಮೇಲೆ ಉಕ್ಕಿನ ತುಂಡು ಜಾರಿಸಬೇಕು, ಕೆಳಗೆ ಕಾಲಲ್ಲಿ ಪೆಡಲು ಒತ್ತಬೇಕು. ಒತ್ತಿದ್ರೆ ತಂತಿ ಬಿಗಿಯುತ್ತೆ, ಸ್ವರ ಏರುತ್ತೆ. ಬಿಟ್ರೆ ಇಳಿಯುತ್ತೆ. ಅಷ್ಟೇ.

ಒಬ್ಬ ದೊಡ್ಡ ಗಾಯಕ ಅವನನ್ನ ಕರೆದು, 'ರಾಮನವಮಿ ಕಛೇರಿಗೆ ಆ ಗಿಟಾರು ತಗೊಂಡು ಬಾ, ನನ್ನ ಬಲಗಡೆ ಕೂತ್ಕೋ' ಅಂದ. ಆ ಬಲಗಡೆ ಜಾಗಕ್ಕೆ ವೈಣಿಕ ಹುಟ್ಟಿದಾಗಿಂದ ಆಸೆಪಟ್ಟಿದ್ದ.

ಹೆಂಡತೀನ ಕರ್ಕೊಂಡು ಅಂಗಡಿಗೆ ಹೋದ. ಅಲ್ಲಿ ಎರಡು ಗಿಟಾರಿತ್ತು. ಒಂದು ಗಟ್ಟಿ ಮರದ್ದು. ಅದನ್ನ ಒಂದು ಸಲ ಮೀಟಿದ್ರೆ ಎದುರು ಹೋಟೆಲಿನ ಕಾಫಿಗೆ ತಾನೇ ನೊರೆ ಬರೋದು, ಅಂಥ ನಾದ. ಆದ್ರೆ ಪೆಡಲು ಬಿಗಿ, ಒತ್ತಿದ್ರೆ ಒಳಗಿನ ಸರಳು ಲಟಲಟ ಅನ್ನೋದು. ಇನ್ನೊಂದರ ನಾದ ತೆಳು, ತಗಡಿನ ಮೇಲೆ ಹುಣಿಸೆ ಬೀಜ ಬಿದ್ದ ಹಾಗೆ. ಆದ್ರೆ ಪೆಡಲು ಬೆಣ್ಣೆ. ನೊಣ ಕೂತ್ರೂ ಅರ್ಧ ಸ್ವರ ಏರೋದು.

ವೈಣಿಕ ಮೊದಲನೇದು ನುಡಿಸಿದ. ಸ್ವರ ಏರ್ತು. ಏರಿದ್ದೇ ತಡ, ಕುಂಯ್ ಅಂತ ಇಳೀತು. 'ಇದರ ಯಂತ್ರ ಸರಿ ಇಲ್ಲ, ಬೇಡ' ಅಂದ. ಎರಡನೇದು ನುಡಿಸಿದ. ಅದೂ ಏರ್ತು, ಇಳೀತು. 'ಇದಂತೂ ಬೇಡವೇ ಬೇಡ' ಅಂದ.

ಅಂಗಡಿಯವನು ಎಣ್ಣೆ ಬಿಟ್ಟ. ಸ್ಪ್ರಿಂಗ್ ಬದಲಾಯಿಸಿದ. ಹಾಕೋವಾಗ ಒಂದು ಸ್ಪ್ರಿಂಗ್ ಕೈಜಾರಿ ಬಿತ್ತು. ಅದು ಪುಟಿದ ರಭಸಕ್ಕೆ ಪಕ್ಕದೂರಿನ ಬಾವೀಲಿ ಸಿಕ್ತು.

"ನಿಜವಾಗ್ಲೂನಾ ಗುರುಗಳೇ?"

"ನೀನು ಮೀಟೋ."

ಅಷ್ಟು ಗಟ್ಟಿ ಸ್ಪ್ರಿಂಗ್ ಹಾಕಿದ್ರೂ ಸ್ವರ ಇಳೀತು. ಅಂಗಡಿಯವನಿಗೆ ತಲೆಬುಡ ಗೊತ್ತಾಗಲಿಲ್ಲ. ಅವನು ನಿಂತಿದ್ದ ಕಡೆಯಿಂದ ವೈಣಿಕನ ತಲೆ ಮಾತ್ರ ಕಾಣ್ತಿತ್ತು. ಪ್ರತಿ ಸ್ವರಕ್ಕೂ ಆ ತಲೆ ಬಗ್ಗೋದು, ಏಳೋದು. ಎಂಥಾ ವಿದ್ವಾಂಸನಪ್ಪಾ, ತಂತಿಗೇ ಕಿವಿ ಹಚ್ಚಿ ಕೇಳ್ತಾನೆ ಅಂದುಕೊಂಡ.

ಹೀಗೇ ದಿನಾ ನಡೀತು. ಇದು, ಅದು, ಮತ್ತೆ ಇದು. ಅಂಗಡಿಯವನ ಕರೀ ಮೀಸೆ ಬೆಳ್ಳಗಾಯ್ತು. ರಾಮನವಮಿಯೂ ಬಂತು. ಅವತ್ತೂ ವೈಣಿಕ ಅಂಗಡೀಲೇ ಕೂತು ಪೆಡಲು ಒತ್ತುತ್ತಿದ್ದ. ಅವನ ಹೆಂಡತಿ ಮೂಲೇಲಿ ಕೂತು ಹೂ ಕಟ್ತಿದ್ಲು. ದಾರದ ಉಂಡೆ ಉರುಳಿ ಗಿಟಾರಿನ ಕೆಳಗೆ ಹೋಯ್ತು. ತಗೊಳ್ಳೋಕೆ ಬಗ್ಗಿದವಳು ಹಾಗೇ ನೋಡ್ತಾ ನಿಂತಳು.

'ರೀ, ಕಾಲು ಯಾಕೆ ಎತ್ತುತೀರ?'

'ನಾನೆಲ್ಲಿ ಎತ್ತಿದೆ?'

'ಈಗ ಎತ್ತಿದ್ರಲ್ಲ. ಕಾಲು ಎತ್ತಿದ್ರಿ, ಬಗ್ಗಿ ಗಿಟಾರು ಮುಟ್ಟಿದ್ರಿ, ಕಣ್ಣಿಗೊತ್ತಿಕೊಂಡ್ರಿ. ನೋಡಿ, ಮತ್ತೆ.'

'ಕಾಲು ತಾಗಿದ ಮೇಲೆ ಇನ್ನೇನು ಮಾಡ್ಲೇ? ವಾದ್ಯ ಅಂದ್ರೆ ಸರಸ್ವತಿ ಅಲ್ವಾ?'

'ನನ್ನ ಹೊಲಿಗೆ ಮಿಷನ್ನೂ ದೇವರೇ ಕಣ್ರೀ. ಆಯುಧಪೂಜೆ ದಿನ ಕುಂಕುಮ ಇಟ್ಟು ಕೈ ಮುಗೀತೀನಿ. ಆಮೇಲೆ ವರ್ಷವೆಲ್ಲಾ ತುಳೀತೀನಿ. ಒಂದೊಂದು ಹೊಲಿಗೆಗೂ ನಿಲ್ಲಿಸಿ ಕೈ ಮುಗಿದಿದ್ರೆ ನಿಮ್ಮ ಅಂಗಿಗೆ ತೋಳೇ ಇರ್ತಿರಲಿಲ್ಲ.'

ಅಂಗಡಿಯವನು ಅಲ್ಲೇ ನೆಲದ ಮೇಲೆ ಕುಸಿದು ಕೂತ.

ವೈಣಿಕ ಎದ್ದ. ಗಿಟಾರಿಗೆ ಉದ್ದಕ್ಕೆ ಒಂದು ಅಡ್ಡಬಿದ್ದ. ಕೂತ. ಪೆಡಲು ಒತ್ತಿದ. ಸ್ವರ ಏರ್ತು, ನಿಂತ್ಕೊಂತು. ಅಂಗಡಿಯವನು ಎದುರು ಹೋಟೆಲಿಗೆ ಹೋಗಿ ತಿಂಡಿ ತಿಂದು ಬಂದ್ರೂ ನಿಂತೇ ಇತ್ತು. ಅದೂ ಯಾವ ಗಿಟಾರಲ್ಲಿ? ಮೊದಲನೇ ದಿನ ಮೊದಲು ಮುಟ್ಟಿ ಬೇಡ ಅಂದಿದ್ದನಲ್ಲ, ಅದರಲ್ಲಿ.

ಅದನ್ನೇ ಹೊತ್ಕೊಂಡು ಕಛೇರಿಗೆ ಓಡಿದ. ಗಾಯಕ ಮಂಗಳ ಹಾಡ್ತಿದ್ದ. ಅವನ ಬಲಗಡೆ ಒಬ್ಬ ಕೊಳಲಿನವನು ಕೂತಿದ್ದ. ಇವತ್ತಿಗೂ ಅವನೇ ಕೂತಿದ್ದಾನೆ.

ಗುರುಗಳು ಕತೆ ನಿಲ್ಲಿಸಿದ್ರು. ಕೋಣೇಲಿ ಶೇಷಾದ್ರಿ ಮೀಟ್ತಿದ್ದ ಸ್ವರ ಮಾತ್ರ ಕೇಳ್ತಿತ್ತು. ಇಷ್ಟು ಹೊತ್ತೂ ಅದು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಶೇಷಾದ್ರಿಯ ಕಣ್ಣು ತುಂಬಿ ಬಂತು.

"ಅರ್ಥ ಆಯ್ತು ಗುರುಗಳೇ" ಅಂದ. ಅಂದವನೇ ಎದ್ದು ಬಂದು ಅವರ ಕಾಲಿಗೆ ಬಿದ್ದ. ಅವನ ಬೆನ್ನ ಹಿಂದೆ ಸ್ವರ ಕುಂಯ್ ಅಂತ ಇಳೀತು.

ಗುರುಗಳು ಅವನ ತಲೆ ಮೇಲೆ ಕೈ ಇಡಲಿಲ್ಲ.

"ಈಗ ಬಿತ್ತಲ್ಲ, ಇದು ಯಾವ ಗಿಟಾರಿನ ತಪ್ಪು?"