ಊಜಿ ಮರಿಗೆ ಸಿಕ್ಕ ಸಿದ್ಧ ಮನೆ

ರೇಷ್ಮೆಹುಳುವಿನ ಮೈಯೊಳಗೇ ಕೂತು ಉಂಡು ಕೊಬ್ಬಿದ ಊಜಿ ನೊಣದ ಮರಿ, ನೊಣವಾಗುವ ತನಕ ಮಣ್ಣಿನಲ್ಲಿ ಮಲಗಲು ಜಾಗ ಹುಡುಕುತ್ತ ಹಿತ್ತಲಿಗೆ ಉರುಳಿತು. ಇನ್ನೇನು ರೆಕ್ಕೆ ಬರುತ್ತದೆಂಬ ಖುಷಿ ಅದಕ್ಕೆ ತಡೆಯಲಾಗುತ್ತಿರಲಿಲ್ಲ.

"ಬಾರಪ್ಪ," ಎಂದಿತು ಮರಳುಮಣ್ಣು. "ಜಾಗ ಬೇಕಾದಷ್ಟಿದೆ. ತೋಡಿಕೊಳ್ಳುವ ಕೆಲಸ ಮಾತ್ರ ನಿನ್ನದು."

"ತೋಡುವುದೇ? ನಾನೇ? ಹುಟ್ಟಿದಾಗಿನಿಂದ ಸಿದ್ಧ ಮನೆಯಲ್ಲೇ ಬೆಳೆದವನು ನಾನು!"

ಪಕ್ಕದಲ್ಲೇ ಒಣಗಿದ ಎರೆಮಣ್ಣು. ಅದರ ತುಂಬ ಅಗಲವಾದ ಬಿರುಕುಗಳು.

"ಆಹಾ, ಎಷ್ಟೊಂದು ಬಾಗಿಲು! ಧಾರಾಳಿ ಅಂದರೆ ನೀನಮ್ಮ!" ಎನ್ನುತ್ತ ಮರಿ ಸರ್ರನೆ ಒಳಗಿಳಿದು ಮಲಗಿತು.

ಸಂಜೆ ಮಳೆ ಸುರಿಯಿತು. ಎರೆಮಣ್ಣು ಗಟಗಟನೆ ನೀರು ಕುಡಿದು ಉಬ್ಬಿತು. ಮರಿಯ ಸುತ್ತ ಗೋಡೆಗಳು ಬಿಗಿದವು.

"ಅಮ್ಮಾ, ಬಾಗಿಲು! ಬಾಗಿಲೆಲ್ಲಿ?"

"ಯಾವ ಬಾಗಿಲಪ್ಪ?" ಎಂದಿತು ಎರೆಮಣ್ಣು. "ಬಾಯಾರಿಕೆಯಾಗಿತ್ತು, ಬಾಯಿ ಬಿಟ್ಟಿದ್ದೆ."