ಇಬ್ಬರು ಹಿಂಡಿದ ಬಟ್ಟೆ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟದ ಕಾಲದಲ್ಲಿ, ಕರೇದೊಡ್ಡಿ ಅಂತ ಕುರುಬರ ಊರೊಂದಿತ್ತಂತೆ. ಅಲ್ಲಿ ತುಂಗವ್ವ ಅನ್ನುವ ಸೂಲಗಿತ್ತಿ ಇದ್ದಳಂತೆ. ಅವಳಣ್ಣ ಮಾಳಿಂಗ ಕತ್ತಿ ಹಿಡಿದು ರೋಗ ಕಳೆಯುವ ವೈದ್ಯನಂತೆ.

ಆಗಲೂ ಕೆಲವು ಕೂಸುಗಳು ಹುಟ್ಟಿದ ಮೇಲೆ ಹೇಲುತ್ತಿರಲಿಲ್ಲ. ನಗಬೇಡ್ರೋ, ಹೇಲದ ಕೂಸು ಉಳಿಯುವುದಿಲ್ಲ. ಕರುಳಿನ ತುದಿಗೆ ಹುಟ್ಟಿನಿಂದಲೇ ಚಲನೆ ಇರುವುದಿಲ್ಲ. ಮೇಲಿನ ಕರುಳು ತಳ್ಳುತ್ತದೆ, ಕೆಳಗಿನದು ಬಿಡುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ಮಾಳಿಂಗ ಹೊಟ್ಟೆ ಸೀಳಿ, ಆ ಕೆಟ್ಟ ತುಂಡು ತೆಗೆದು, ಒಳ್ಳೆಯ ಕರುಳನ್ನು ಕೆಳಗೆ ತಂದು ಹೊಲಿಯುತ್ತಿದ್ದ. ಕೆಲವು ಬದುಕಿದವು, ಕೆಲವು ಜ್ವರ ಏರಿ ಹೋದವು. ಹೊಟ್ಟೆ ಮುಟ್ಟಲೇಬಾರದು ಅಂತ ತುಂಗವ್ವನ ಹಟ. ಹೇಲುವ ದಾರಿಯಿಂದಲೇ ಕೆಟ್ಟದ್ದನ್ನು ಹೊರಗೆಳೆದು ಕತ್ತರಿಸಿ, ಅಲ್ಲೇ ಹೊಲಿಯುತ್ತಿದ್ದಳು. ಅದು ಕುರುಡರ ಕೆಲಸ ಅಂದ ಅಣ್ಣ. ನಿನ್ನದು ಕಟುಕರ ಕೆಲಸ ಅಂದಳು ತಂಗಿ. ಅಲ್ಲಿಗೆ ಮಾತು ಬಿಟ್ಟರಂತೆ.

ಮಾಳಿಂಗನ ಮಗಳು ಚಿನ್ನವ್ವನ ಮೊದಲ ಕೂಸು ಅವನು ಹೊಟ್ಟೆ ಸೀಳಿದ ಮೇಲೇ ತೀರಿಕೊಂಡಿತ್ತು. ಎರಡನೆಯದಕ್ಕೂ ಅದೇ ಕಾಯಿಲೆ ಬಂತು. ಅವಳು ಕೂಸನ್ನೆತ್ತಿಕೊಂಡು ಸೋದರತ್ತೆಯ ಮನೆಗೆ ಓಡಿದಳಂತೆ.

"ಅತ್ತೀ, ನೀನೇ ಉಳಸು. ಅಪ್ಪನ್ನ ಮಾತ್ರ ಕರೀಬ್ಯಾಡ."

ತುಂಗವ್ವ ಯಾವುದೋ ಸೊಪ್ಪಿನ ರಸ ಸವರಿ, ನೋವು ತಿಳಿಯದ ಹಾಗೆ ಕೂಸನ್ನು ಮಲಗಿಸಿದಳಂತೆ. ಆ ಸೊಪ್ಪು ಯಾವುದೋ, ಈಗ ಯಾರಿಗೂ ಗೊತ್ತಿಲ್ಲ. ಕರುಳು ಎಳೆದಳು, ಅಲುಗಲಿಲ್ಲ. ಇನ್ನಷ್ಟು ಎಳೆದಳು, ಆಗಲೂ ಅಲುಗಲಿಲ್ಲ. ರೋಗ ಅವಳ ಕೈಗೆಟುಕದಷ್ಟು ಮೇಲಕ್ಕೆ ಹೋಗಿತ್ತು. ಎಳೆದರೆ ಹರಿಯುತ್ತದೆ, ಇಲ್ಲೇ ಹೊಲಿದರೆ ಹೊಟ್ಟೆ ಮತ್ತೆ ಉಬ್ಬುತ್ತದೆ. ಹೊಲಿದು ಸುಮ್ಮನಾಗಿಬಿಡಲೇ, ಅಣ್ಣನ ಮುಂದೆ ಮಾನವಾದರೂ ಉಳಿಯುತ್ತದೆ ಅಂತ ಒಂದು ಗಳಿಗೆ ಅನ್ನಿಸಿತಂತೆ. ಕೂಸಿನ ತುಟಿ ನೀಲಿಯಾಗುತ್ತಿತ್ತು.

"ಚಿನ್ನೀ, ನಿಮ್ಮಪ್ಪನ್ನ ಕರಿ."

"ಒಲ್ಲೆ ಅತ್ತೀ!"

"ನನ್ನ ಕೈ ಮುಟ್ಟವಲ್ದು ಮಗಳ. ಮ್ಯಾಲಿಂದ ಅವನು ಸಡಿಲ ಮಾಡಿದರಷ್ಟ ಇದು ಬರ್ತದ. ಕರಿ ಅವನ್ನ!"

ದೂರವೇನೂ ಹೋಗಬೇಕಾಗಲಿಲ್ಲವಂತೆ. ಮಾಳಿಂಗ ಬೆಳಗಿನಿಂದ ಬೇಲಿಯಾಚೆಯೇ ನಿಂತಿದ್ದನಂತೆ.

ಅವನು ಎಂದಿನಂತೆ ಸೀಳಲಿಲ್ಲ. ಬೆರಳು ಹೋಗುವಷ್ಟೇ ಕೊಯ್ದು ಮೇಲಿಂದ ಬಿಡಿಸುತ್ತ ಬಂದ, ತಂಗಿ ಕೆಳಗಿಂದ ಎಳೆಯುತ್ತ ಬಂದಳು. ಕಡೆಗೆ ಅವಳ ಬೆರಳಡಿಯಲ್ಲಿ ಒಳ್ಳೆಯ ಕರುಳು ಹುಳುವಿನ ಹಾಗೆ ಮೆಲ್ಲಗೆ ಹರಿದಾಡಿತಂತೆ.

"ಬಂತೇನವ್ವಾ?" ಅಂದನಂತೆ ಮಾಳಿಂಗ.

"ಬಂತಣ್ಣ."

ಅದು ಎಷ್ಟೋ ವರ್ಷಗಳ ಮೇಲೆ ಅವರಾಡಿದ ಮೊದಲ ಮಾತು.

ತಂಗಿ ಕೆಟ್ಟ ತುಂಡು ಕತ್ತರಿಸಿ ಕೆಳಗೆ ಹೊಲಿದಳು, ಅಣ್ಣ ಹೊಟ್ಟೆಯ ಗಾಯ ಹೊಲಿದ. ಮರುದಿನ ಕೂಸು ಬಟ್ಟೆ ಹೊಲಸು ಮಾಡಿತು. ಚಿನ್ನವ್ವ ಗೊಳೋ ಅಂತ ಅತ್ತಳು. ತುಂಗವ್ವ ಆ ಬಟ್ಟೆ ಒಗೆದಳು, ಆದರೆ ಹಿಂಡಲು ಅವಳ ಕೈಯಲ್ಲಿ ತ್ರಾಣವೇ ಇರಲಿಲ್ಲ. ಇನ್ನೊಂದು ತುದಿಯನ್ನು ಅಣ್ಣ ಹಿಡಿದನಂತೆ.

ಇವತ್ತಿಗೂ ಆ ಊರಲ್ಲಿ ಕೂಸಿನ ಮೊದಲ ಹೊಲಸು ಬಟ್ಟೆಯನ್ನು ಒಬ್ಬರೇ ಹಿಂಡುವುದಿಲ್ಲ. ಮನೆಯ ಅಣ್ಣತಂಗಿಯರು ಒಂದೊಂದು ತುದಿ ಹಿಡಿದು ಹಿಂಡಿ, ಬಾಗಿಲ ಮುಂದೆ ಎಲ್ಲರಿಗೂ ಕಾಣುವ ಹಾಗೆ ಹರವುತ್ತಾರೆ. ಮಾತು ಬಿಟ್ಟವರಿದ್ದರೆ ಅವತ್ತು ಅವರನ್ನೇ ಮೊದಲು ಕರೆಯುತ್ತಾರೆ.