ಹಿಟ್ಟು ಹಂಚಿದ ಜೋಳಿಗೆ

ಕಡ್ಲಿಗುಂದಿಯ ಊರ ಹೊರಗೆ, ಬನ್ನಿಗಿಡದ ಮಗ್ಗುಲಲ್ಲಿ ಒಂದಂಕಣದ ಮಣ್ಣಿನ ಕೋಣೆಯಿತ್ತು. ಪೂಜ್ಯ ಶ್ರೀ ಅಡವಯ್ಯಜ್ಜನವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿಯೇ. ಒಳಗೆ ಒಂದು ಕಂಬಳಿ, ಒಂದು ತಂಬಿಗೆ, ಗೂಟಕ್ಕೆ ತೂಗುಹಾಕಿದ ಜೋಳಿಗೆ. ಇವಿಷ್ಟೇ ಅವರ ಸಂಸಾರ. ಒಲೆ ಇರಲಿಲ್ಲ. ದಿನವೂ ಹೊತ್ತೇರುವ ಮೊದಲು ಊರೊಳಗೆ ಬಂದು ಬಾಗಿಲ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಹಾಕಿದ್ದನ್ನು ಸ್ವೀಕರಿಸಿ, ಹರಸಿ, ಮುಂದಿನ ಬಾಗಿಲಿಗೆ ನಡೆಯುತ್ತಿದ್ದರು. ಹಸಿವಿಗೆ ಸಾಕಾಗುವಷ್ಟು ಬಂದರೆ ಅಲ್ಲಿಂದಲೇ ಹಿಂದಿರುಗುತ್ತಿದ್ದರು.

ಒಂದು ದಿನ ಅವರ ಬಳಿಗೆ ಫಕೀರವ್ವ ಬಂದಳು. ಬಡಿಗೇರ ಓಣಿಯಲ್ಲಿ ಕುಬಸ ಹೊಲಿದು ಮಗಳನ್ನು ಸಾಕಿದ ವಿಧವೆ. ಭಕ್ತಿಯಿಂದ ಬಂದವಳಲ್ಲ. ಮಗಳು ಕಸ್ತೂರಿಯ ಮದುವೆ ಗೊತ್ತಾಗಿತ್ತು. ಮೊದಲ ಲಗ್ನಪತ್ರಿಕೆ ದೇವರಿಗೆ, ಎರಡನೆಯದು ಅಜ್ಜನವರಿಗೆ ಎಂಬುದು ಊರ ಪದ್ಧತಿ. ಅವಳಿಗೆ ಅದೂ ಒಂದು ಕೆಲಸ. ಮುಗಿಸಿ ಹೋಗಬೇಕಿತ್ತು.

"ಕೂಡವ್ವ," ಎಂದರು ಅಜ್ಜನವರು.

"ಕೂಡಾಕ ಎಲ್ಲಿ ಪುರಸೊತ್ತೈತ್ರಿ ಯಜ್ಜಾ. ನಸುಕಿನ್ಯಾಗ ಎದ್ದು ರೊಟ್ಟಿ ಬಡೀತೀನಿ. ಹಗಲೆಲ್ಲಾ ಮಿಶನ್ನು ತುಳೀತೀನಿ. ಹಂದರದಾಂವ ಒಂದು ಹೇಳಿದ್ರ ಅಡಗಿಯಾಂವ ಇನ್ನೊಂದು ಹೇಳ್ತಾನ. ಮದಿವ್ಯಾಗ ಏನೂ ಕೊರತಿ ಆಗೂದಿಲ್ಲ ಅಂತ ಒಂದು ಮಾತು ಹೇಳ್ರಿ, ಹೋಗ್ತೀನಿ."

"ಓಣ್ಯಾಗ ಯಾರೂ ಇಲ್ಲೇನು?"

ಫಕೀರವ್ವನ ಹುಬ್ಬು ಗಂಟಿಕ್ಕಿತು. "ಅದಾರ. ಯಾರ ಹಂಗೂ ನನಗ ಬ್ಯಾಡ."

ಆ ಮಾತಿಗೆ ಕಾರಣವಿತ್ತು. ಗಂಡ ತೀರಿಕೊಂಡಾಗ ಅವಳ ಮನೆಯಲ್ಲಿ ಎಷ್ಟೋ ದಿನ ಒಲೆ ಹೊತ್ತಿರಲಿಲ್ಲ. ಓಣಿಯವರೇ ಬುತ್ತಿ ತಂದು ತಾಯಿ ಮಗಳಿಗೆ ಉಣಿಸಿದ್ದರು. ಕೆಲವು ತಿಂಗಳ ಬಳಿಕ, ನಳದ ಹತ್ತಿರ, ಎದುರುಮನೆಯ ಕಾಶವ್ವ ಯಾರಿಗೋ "ಆಕಿ ಮನಿ ಒಲಿ ನಾವ ಹಚ್ಚಿದ್ವಿ" ಎಂದದ್ದು ಹಿಂದೆ ನಿಂತಿದ್ದ ಫಕೀರವ್ವನ ಕಿವಿಗೆ ಬಿತ್ತು. ಅಂದಿನಿಂದ ಅವಳು ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಹಾಲಿಗೆ ಹಾಕಲು ಮನೆಯಲ್ಲಿ ಹೆಪ್ಪಿಲ್ಲದಿದ್ದರೆ ಮೊಸರಿಲ್ಲದೆ ಉಂಡಾಳು, ಪಕ್ಕದ ಬಾಗಿಲು ತಟ್ಟಳು. ಆದರೆ ಓಣಿಯ ಯಾವ ಮನೆಯಲ್ಲಿ ಮದುವೆಯಾದರೂ ತಾನೇ ಕುಬಸ ಹೊಲಿದು ಕೊಟ್ಟು, ಕೂಲಿ ಮುಟ್ಟದೆ ಬರುತ್ತಿದ್ದಳು.

ಅಜ್ಜನವರು ಲಗ್ನಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡರು. "ಮದಿವಿಗೆ ಬರ್ತೀನಿ. ನನ್ನ ದಕ್ಷಿಣಿ ಮಾತ್ರ ಈಗ ಕೊಡು."

"ಏನು ಕೊಡ್ಲ್ರಿ?"

"ನಿನ್ನ ಕೆಲಸದಾಗಿಂದು ಒಂದು ಕೆಲಸ."

ಫಕೀರವ್ವ ಯೋಚಿಸಿದಳು. ಹಂದರ? ಕೊಟ್ಟರೆ ವಾಲೀತು. ಸೀರೆ? ಬಣ್ಣ ತಪ್ಪೀತು. ಯಾವುದನ್ನು ಬಿಟ್ಟರೂ ಮದುವೆಯೇ ಕೆಟ್ಟೀತು ಎನ್ನಿಸಿತು. ಕೊನೆಗೆ ಅರೆ ಸಿಟ್ಟಿನಲ್ಲಿ, "ಮದಿವಿ ರೊಟ್ಟಿ ತಗೋರಿ ಹಂಗಾರ," ಎಂದು, ಬರಿದಾದ ಕೋಣೆಯತ್ತ ನೋಡಿ, "ನಿಮ್ಮ ಹಂತ್ಯಾಕ ರೊಟ್ಟಿ ಸುಡಾಕ ಒಂದು ಹಂಚರ ಐತೇನ್ರಿ?" ಎಂದಳು.

ಅಜ್ಜನವರು ನಕ್ಕರು. "ಹಿಟ್ಟು ಕಳಿಸು."

ಸತ್ಪುರುಷರಿಗೆ ಕೊಟ್ಟ ಮಾತು. ಹಿಂದೆಗೆಯುವಂತಿರಲಿಲ್ಲ. ಜೋಳ ಬೀಸಿಸಿ ಹಿಟ್ಟಿನ ಚೀಲ ಕಳುಹಿಸಿದಳು. ಕೆಲಸ ಹೋಯಿತು, ಅದರ ಜಾಗದಲ್ಲಿ ಚಿಂತೆ ಬಂತು. ಒಲೆಯಿಲ್ಲದವರು ಅಷ್ಟು ಜನಕ್ಕೆ ರೊಟ್ಟಿ ಮಾಡುವುದು ಹೇಗೆ? ಬೀಗರ ಎಲೆಯಲ್ಲಿ ರೊಟ್ಟಿ ಕಾಣದಿದ್ದರೆ ಮಗಳು ಜೀವನವಿಡೀ ಮಾತು ಕೇಳಬೇಕಾದೀತು.

ಆ ದಿನಗಳಲ್ಲಿ ಕಸ್ತೂರಿ ಬೆಳಗಾದರೆ ಬಾಚಣಿಗೆ ಹಿಡಿದು ತಾಯಿಯ ಬಳಿ ಬರುತ್ತಿದ್ದಳು. ಚಿಕ್ಕಂದಿನಿಂದ ಅವಳ ಹೆರಳು ಹಾಕುತ್ತಿದ್ದುದು ಫಕೀರವ್ವನೇ. ಈಗ ದಿನವೂ ಒಂದೇ ಉತ್ತರ: "ಆಮ್ಯಾಲ."

ಒಂದು ಬೆಳಿಗ್ಗೆ ಕಸ್ತೂರಿ ಕೇಳಿದಳು: "ಆಮ್ಯಾಲ ಅಂದ್ರ ಯಾವಾಗಬೇ? ನಾ ಗಂಡನ ಮನಿಗೆ ಹ್ವಾದ ಮ್ಯಾಲೇನು?"

ಅಳಲಿಲ್ಲ, ಬಾಚಣಿಗೆಯನ್ನು ಗೂಡಿನಲ್ಲಿಟ್ಟು ಹೋದಳು. ಫಕೀರವ್ವ ಗೂಡಿನತ್ತ ನೋಡಿದಳು. ಆದರೂ ಕಾಲು ಮಿಶನ್ನು ತುಳಿಯುತ್ತಲೇ ಇತ್ತು.

ಮದುವೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅಜ್ಜನವರು ಓಣಿಗೆ ಬಂದರು. ಜೋಳಿಗೆ ಎಂದಿನಂತೆ ಜೋತುಬಿದ್ದಿರಲಿಲ್ಲ, ಉಬ್ಬಿತ್ತು. ಕಾಶವ್ವ ಪದ್ಧತಿಯಂತೆ ಮೊರದಲ್ಲಿ ಭಿಕ್ಷೆ ಹಿಡಿದು ಹೊರಗೆ ಬಂದಳು. ಅಜ್ಜನವರು ಜೋಳಿಗೆಯೊಳಗೆ ಕೈಹಾಕಿ, ಬೊಗಸೆ ಬೊಗಸೆಯಾಗಿ ಹಿಟ್ಟು ತೆಗೆದು ಅವಳ ಮೊರಕ್ಕೆ ಸುರಿದರು.

"ಫಕೀರವ್ವನ ಮನಿ ಹಿಟ್ಟು," ಎಂದರು. ಅಷ್ಟೇ.

ಮದುವೆಯ ಹಿಟ್ಟನ್ನು ಓಣಿಗೆ ಹಂಚುವುದು, ಮನೆಮನೆಯವರೂ ರೊಟ್ಟಿ ಬಡಿದು ತಂದುಕೊಡುವುದು ಆ ಸೀಮೆಯ ರೂಢಿಯೇ. ಹಿಟ್ಟು ಕೇಳಿಕೊಂಡು ಬಂದಿದ್ದ ಹೆಂಗಸರನ್ನು ಫಕೀರವ್ವನೇ "ನಾನ ಬಡಕೋತೀನಿ" ಎಂದು ಹಿಂದಕ್ಕೆ ಕಳುಹಿಸಿದ್ದಳು. ಈಗ ಬಾಗಿಲಲ್ಲಿ ನಿಂತು ನೋಡಿದವಳು ತಡೆಯಲಾರದೆ ಓಣಿಗಿಳಿದಳು.

"ಯಜ್ಜಾ, ಇದು ಬೇಡಿದಂಗ ಆತಲ್ರಿ."

"ಹೌದವ್ವ. ನಾ ದಿನಾ ಬೇಡ್ತೀನಿ," ಎಂದರು ಅಜ್ಜನವರು. "ಕೊಡವರ ಮಾರಿ ನಾ ನೋಡೀನಿ. ನೀ ನೋಡಿಲ್ಲ."

ಫಕೀರವ್ವ ತಲೆಯೆತ್ತಿದಳು. ಕಾಶವ್ವ ಮೊರವನ್ನು ಎದೆಗವಚಿಕೊಂಡು ನಿಂತಿದ್ದಳು. ಹಿಟ್ಟು ಮೂಗಿನ ತುದಿಗೂ ಮೆತ್ತಿತ್ತು. ತವರಿನಿಂದ ಏನೋ ಬಂದವಳ ಹಾಗೆ ಅವಳ ಮುಖ ಅರಳಿತ್ತು. ಫಕೀರವ್ವನಿಗೆ ನಳದ ಬಳಿಯ ಆ ದಿನ ನೆನಪಾಯಿತು. ಅಂದು ಅವಳು ಕಾಶವ್ವನ ಬೆನ್ನ ಹಿಂದಿದ್ದಳು. ಮಾತು ಕೇಳಿದ್ದಳು, ಮುಖ ನೋಡಿರಲಿಲ್ಲ.

ಅಜ್ಜನವರು ಆಗಲೇ ಮುಂದಿನ ಬಾಗಿಲಲ್ಲಿದ್ದರು. ಆ ಬೆಳಿಗ್ಗೆ ಓಣಿಯ ಮನೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಬಂತು. ಫಕೀರವ್ವ ಮನೆಯೊಳಗೆ ಬಂದಳು. ಗೂಡಿನಿಂದ ಬಾಚಣಿಗೆ ತೆಗೆದು, "ಬಾರಬೇ ಕಸ್ತೂರಿ," ಎಂದು ಕರೆದಳು. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ನಿಧಾನಕ್ಕೆ ಹೆರಳು ಹಾಕಿದಳು. ಹೆರಳು ಮುಗಿದ ಮೇಲೂ ಕಸ್ತೂರಿ ತಾಯಿಯ ಮೊಣಕಾಲಿಗೆ ತಲೆಯಾನಿಸಿ ಕುಳಿತೇ ಇದ್ದಳು.

ರೊಟ್ಟಿಯ ಗಂಟು ಹೊತ್ತು ಮೊದಲು ಬಂದವಳು ಕಾಶವ್ವ.

"ಎಣಸಬ್ಯಾಡ ಮತ್ತ. ಒಂದು ನಮ್ಮ ಮೊಮ್ಮಗ ತಿಂದಾನ," ಎಂದು ಗಂಟು ಇಳಿಸಿದಳು. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, "ನಮ್ಮ ಹುಡುಗ್ಯಾರ ಮದಿವ್ಯಾಗೆಲ್ಲಾ ನೀ ಹೊಲ್ದಿ. ನಮ್ಮಿಂದ ಒಂದು ಹುಲ್ಲುಕಡ್ಡಿ ಇಸ್ಕೊಳ್ಳಲಿಲ್ಲ. ನಿನ್ನ ಮಾರಿ ನೋಡಾಕ ಅಂಜಿಕಿ ಬರ್ತಿತ್ತು ನನಗ," ಎಂದಳು.

ಫಕೀರವ್ವ ಚಾಪೆ ಹಾಸಿದಳು. "ಕೂಡು, ಚಾ ಮಾಡ್ತೀನಿ," ಎಂದಳು. ಕಾಶವ್ವ ಕುಳಿತಳು. ಚಹಾ ಮುಗಿಯುವುದರೊಳಗೆ, "ಅಡಗಿಯಾಂವನ್ನ ನನ್ನ ಗಂಡಗ ಬಿಡು. ಇಬ್ರೂ ಬಾಯಿ ಬಡಕರು, ಸರಿ ಹೋಗ್ತಾರ," ಎಂದು ಇನ್ನೊಂದು ಹೊರೆಯನ್ನೂ ಹೊತ್ತುಕೊಂಡು ಹೋದಳು.

ಮದುವೆಯ ದಿನ ಹುಗ್ಗಿಯ ತಳ ಸ್ವಲ್ಪ ಸೀದಿತು. ಹಂದರದ ಒಂದು ಮೂಲೆ ವಾಲಿತು. ಯಾರೋ ಬಂದು ಗಳ ಆನಿಸಿ ಹೋದರು. ಊಟದ ಪಂಕ್ತಿಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಎಲೆಯ ಮೇಲಿನ ರೊಟ್ಟಿಗಳನ್ನು ನೋಡಿದರು. ಒಂದು ತೆಳುವು, ಒಂದು ದಪ್ಪ, ಒಂದರ ಅಂಚು ಕಪ್ಪು.

"ಇದು ಒಂದ ಕೈಯಾಗಿನ ರೊಟ್ಟಿ ಅಲ್ಲ ಬಿಡವ್ವ."

"ಅಲ್ರಿ," ಎಂದಳು ಫಕೀರವ್ವ. "ನಮ್ಮ ಓಣಿ ಕೈರಿ."

ಹಾಗೆ ಹೇಳುವಾಗ ಅವಳ ಕತ್ತು ತಗ್ಗಿರಲಿಲ್ಲ. ಊಟಕ್ಕೆ ಮೊದಲು, ಅಕ್ಷತೆ ಬೀಳುವಾಗಲೂ ಅವಳು ಅಡುಗೆಮನೆಯಲ್ಲಾಗಲಿ ಬಾಗಿಲಲ್ಲಾಗಲಿ ಇರಲಿಲ್ಲ; ಮಗಳ ಪಕ್ಕದಲ್ಲಿ ಕುಳಿತಿದ್ದಳು, ಮಗಳನ್ನು ಕಣ್ತುಂಬ ನೋಡಿದ್ದಳು.

ಅಜ್ಜನವರು ಬಂದು ವಧೂವರರನ್ನು ಹರಸಿದರು. ಪಂಕ್ತಿಯಲ್ಲಿ ಕೂಡಲಿಲ್ಲ. ಹಂದರದ ಬಾಗಿಲಲ್ಲಿ ಜೋಳಿಗೆ ಹಿಡಿದು ನಿಂತರು. ಫಕೀರವ್ವ ರೊಟ್ಟಿ ತಂದು ಹಾಕಿ, ಪಾದಗಳಿಗೆ ಹಣೆ ಹಚ್ಚಿದಳು. ಏಳುವುದಕ್ಕೆ ತಡವಾಯಿತು. ಅವಳು ಏಳುವವರೆಗೂ ಅವರು ನಿಂತಿದ್ದರು.

ಮಗಳನ್ನು ಕಳುಹಿಸಿದ ಮರುದಿನ ಮನೆ ಬಿಕೋ ಎನ್ನುತ್ತಿತ್ತು. ಹಾಲು ಉಳಿದಿತ್ತು. ಮೊಸರು ಮದುವೆಯಲ್ಲಿ ಪೂರಾ ಖರ್ಚಾಗಿತ್ತು. ಫಕೀರವ್ವ ಒಂದು ಬಟ್ಟಲು ಹಿಡಿದು ಓಣಿ ದಾಟಿ ಎದುರುಮನೆಯ ಬಾಗಿಲು ತಟ್ಟಿದಳು.

"ಕಾಶವ್ವ, ಒಂದೀಟು ಹೆಪ್ಪು ಕೊಡಬೇ."

ಕಾಶವ್ವ ಒಳಗೆ ಹೋಗಿ ತಂದಳು. ಅವಳು ಹೆಪ್ಪು ಹಾಕುವಾಗ ಫಕೀರವ್ವ ಬಟ್ಟಲನ್ನು ನೋಡಲಿಲ್ಲ. ಅವಳ ಮುಖವನ್ನು ನೋಡಿದಳು.